ಹೊರದಾರಿಯ ಆಳ

ಜನವರಿ 9

ಅಕ್ಕ,

ಇದು ನನ್ನ ಮೂರನೆಯ ಕಾಗದ. ಮೊದಲಿನ ಎರಡಕ್ಕೆ ಉತ್ತರವಿಲ್ಲ. ತಲುಪಲೇ ಇಲ್ಲ ಎಂದು ಮಾತ್ರ ಹೇಳಬೇಡ. ದ್ವೀಪಕ್ಕೆ ವಾರಕ್ಕೆ ಎರಡು ಸಲ ಟಪಾಲು ದೋಣಿ ಹೋಗುತ್ತದೆ ಎಂದು ನನ್ನ ಪುಸ್ತಕದ ಏಳನೆಯ ಪುಟದಲ್ಲಿ ನಾನೇ ಬರೆದಿದ್ದೇನೆ.

ಮತ್ತೊಮ್ಮೆ ವಿವರಿಸುತ್ತೇನೆ, ದಯವಿಟ್ಟು ಡಾಂಬರಿನ ಡಬ್ಬ ಪಕ್ಕಕ್ಕಿಟ್ಟು ಓದು. ಭೂಪಟ ಇಲಾಖೆ ನನಗೆ ನಮ್ಮ ದ್ವೀಪ ಮತ್ತು ಅದರ ಕರಾವಳಿಯ ಭೂಗೋಳ, ಇತಿಹಾಸ ಬರೆಯುವ ಕೆಲಸ ಕೊಟ್ಟಿದೆ. ಈ ಬೇಸಿಗೆಯಲ್ಲಿ ನಮ್ಮ ದೇಶದವರೂ ಆಚೆ ದೇಶದವರೂ ಒಂದೇ ಮೇಜಿಗೆ ಕೂತು ಗಡಿಯನ್ನು ಹೊಸದಾಗಿ ಬರೆಯುತ್ತಾರೆ. ಅಲ್ಲಿ ನಮ್ಮ ಕಡೆಯ ಸಾಕ್ಷಿ ನನ್ನ ಪುಸ್ತಕವೇ. ನೂರು ವರ್ಷ ಹಳೆಯ ಒಪ್ಪಂದವೊಂದಿದೆ. ಅದರಲ್ಲಿ ಏನಿದೆಯೋ ನನಗೂ ಗೊತ್ತಿಲ್ಲ, ಅದು ಸಾಹೇಬರ ಕಬ್ಬಿಣದ ಬೀರುವಿನಲ್ಲಿದೆ. ಆದರೆ ಪುಸ್ತಕ ತಪ್ಪಿದರೆ ನೀನು ಈಗ ಕಾಲೂರಿ ನಿಂತಿರುವ ನೆಲ ಆಚೆ ದೇಶಕ್ಕೆ ಹೋದರೂ ಹೋದೀತು ಎಂದು ಸಾಹೇಬರು ಹೇಳುತ್ತಾರೆ. ನಿನ್ನ ಶೆಡ್ಡು, ಅಪ್ಪನ ಮನೆ, ಎಲ್ಲ.

ಆದ್ದರಿಂದ ಬೇಗ ಬರೆ. ಕೋಟೆ ಕಟ್ಟಿಸಿದವರು ಯಾರು, ಜೆಟ್ಟಿ ಯಾವ ಕಾಲದ್ದು, ದಡ ಎಲ್ಲಿ ಬೆಳೆಯುತ್ತಿದೆ, ಎಲ್ಲಿ ಕೊಚ್ಚಿಹೋಗುತ್ತಿದೆ. ಎಲ್ಲಕ್ಕಿಂತ ಮುಖ್ಯವಾಗಿ ಎರಡು ನೀರುದಾರಿಗಳ ಆಳ ಬೇಕು: ದ್ವೀಪಕ್ಕೂ ನಮ್ಮ ದಡಕ್ಕೂ ನಡುವಿನ ಒಳದಾರಿ, ದ್ವೀಪಕ್ಕೂ ಆಚೆ ದಡಕ್ಕೂ ನಡುವಿನ ಹೊರದಾರಿ. ಹೊರದಾರಿಯ ಆಳ ನಮ್ಮ ಕಡೆ ಅಪ್ಪನೊಬ್ಬರಿಗೇ ಗೊತ್ತು. ಅವರು ನನ್ನ ಜೊತೆ ಮಾತು ಬಿಟ್ಟು ಆರು ವರ್ಷವಾಯಿತು. ಹಾಗಾಗಿ ನಿನಗೆ ಬೇಕು ಎಂಬಂತೆ ಕೇಳು, ನನ್ನ ಹೆಸರೆತ್ತಬೇಡ.

ತಮ್ಮ

ಜನವರಿ 27

ತಮ್ಮಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ನೀನು ನಂಬಿ ಸುಮ್ಮನಾಗುತ್ತೀಯ, ಅದಕ್ಕೇ ಬರೆಯುವುದಿಲ್ಲ. ಶೆಡ್ಡಿನಲ್ಲಿ ಮೂರು ದೋಣಿ ಮಗುಚಿಕೊಂಡು ಮಲಗಿವೆ. ಮೂರರ ಮಾಲೀಕರೂ ನನ್ನ ತಲೆಯ ಮೇಲೆ ಕೂತಿದ್ದಾರೆ. ಅದರಲ್ಲಿ ಒಂದು ನಿನ್ನ ಏಳನೆಯ ಪುಟದ ಟಪಾಲು ದೋಣಿ. ಹೊಟ್ಟೆಯಲ್ಲಿ ತೂತು ಬಿದ್ದು ತಿಂಗಳಾಯಿತು. ಈಗ ಕಾಗದಗಳು ಪ್ರಯಾಣಿಕರ ದೋಣಿಯಲ್ಲಿ ಬರುತ್ತವೆ, ದೋಣಿಯವನಿಗೆ ನೆನಪಾದರೆ. ಏಳನೆಯ ಪುಟ ತಿದ್ದಿಕೋ.

ದ್ವೀಪ ಕಿವಿಯ ಆಕಾರದಲ್ಲಿದೆ ಎಂದು ಬರೆದಿದ್ದೀಯಂತೆ. ಇರಬಹುದು, ಆದರೆ ಕಿವುಡು ಕಿವಿ. ನಮ್ಮ ದೇಶದ ಕಡೆಗೆ ಮುಖ ಮಾಡಿದ ದಡವೆಲ್ಲ ಕರಿಬಂಡೆ, ದೋಣಿ ಎಳೆದಿಡಲು ಅಂಗೈಯಗಲ ಜಾಗವಿಲ್ಲ. ಆಚೆ ಕಡೆ ಮರಳು. ಅಲ್ಲಿ ಒಂದು ಮರಳ ನಾಲಿಗೆ ವರ್ಷವರ್ಷ ಉದ್ದವಾಗುತ್ತಾ ಆಚೆ ದೇಶದ ಕೆಸರು ದಡವನ್ನು ನೆಕ್ಕಲು ಹೊರಟಿದೆ. ನಡುವೆ ಬೆನ್ನುಮೂಳೆಯ ಹಾಗೆ ಒಂದು ದಿಣ್ಣೆ. ದಿಣ್ಣೆಯ ಈಚೆ ನಮ್ಮ ಮನೆ, ಆಚೆ ನನ್ನ ಶೆಡ್ಡು. ಇಷ್ಟು ನಿನಗೇ ಗೊತ್ತಿರಬೇಕಿತ್ತು, ಇಲ್ಲೇ ಬಿದ್ದು ಮೊಣಕಾಲು ಒಡೆದುಕೊಂಡವನು ನೀನು.

ಕೋಟೆ ಕಟ್ಟಿಸಿದವರು ಯಾರೋ, ಕಿತ್ತವರು ನಮ್ಮ ಅಜ್ಜ. ನಮ್ಮ ಅಡುಗೆಮನೆಯ ಗೋಡೆ ಅದರದ್ದೇ ಕಲ್ಲು. ಜೆಟ್ಟಿಯ ಕಂಬ ಕೆರೆದರೆ ಮೇಲೆ ನೀಲಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಕೆಂಪು. ಬಂದ ಪ್ರತಿ ಸರ್ಕಾರವೂ ಒಂದು ಬಣ್ಣ ಬಳಿಯಿತು, ಯಾವ ಬಣ್ಣಕ್ಕೂ ಉಪ್ಪುಗಾಳಿ ತಡೆಯುವ ಯೋಗ್ಯತೆ ಇರಲಿಲ್ಲ. ಇತಿಹಾಸ ಇಷ್ಟೇ, ಬರೆದುಕೋ.

ಆಳದ ವಿಷಯ ಅಪ್ಪನ ಹತ್ತಿರ ಎತ್ತಿದೆ. ನಿನ್ನ ಹೆಸರು ಹೇಳಲಿಲ್ಲ. ಅಪ್ಪ ಬಲೆಯ ಗಂಟು ಬಿಡಿಸುತ್ತಲೇ, "ಕಾಗದದ ಮೇಲೆ ಹಡಗು ಬಿಡ್ತಾನಂತಾ ಅವನು?" ಎಂದರು. ನೆನಪಿನಿಂದ ಹೇಳುವುದಿಲ್ಲವಂತೆ, ಹೊಸದಾಗಿ ಹಗ್ಗ ಬಿಟ್ಟು ನೋಡಬೇಕಂತೆ, ಅದೂ ಅಮಾವಾಸ್ಯೆಯ ಇಳಿತದಲ್ಲಿ. ದೋಣಿ ನನ್ನದು, ಎಂಜಿನ್ ನನ್ನದು, ಡೀಸೆಲ್ ನನ್ನದು. ಕೆಲಸ ನಿನ್ನದು.

ಅಕ್ಕ

ಫೆಬ್ರವರಿ 8

ಅಕ್ಕ,

ನಾನು ಕೇಳಿದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೀಯ. ಕಾಗದ ಪೂರ್ತಿ ಡಾಂಬರು ಮೆತ್ತಿದ ಹೆಬ್ಬೆಟ್ಟಿನ ಗುರುತು, ಸಾಹೇಬರಿಗೆ ತೋರಿಸುವಂತಿರಲಿಲ್ಲ. ದಾಖಲೆಯ ಪ್ರಕಾರ ಜೆಟ್ಟಿ ಕಟ್ಟಿದ ಮೇಲೆ ಬಂದದ್ದು ಎರಡೇ ಸರ್ಕಾರ. ನೀನು ಹೇಳುವ ಕೆಂಪು ಬಣ್ಣ ಇರಲು ಸಾಧ್ಯವಿಲ್ಲ. ಇನ್ನೊಮ್ಮೆ ಕೆರೆದು ನೋಡು.

ಇನ್ನೊಂದು ವಿಷಯ. ಆಚೆ ದಡದ ಅತ್ತೆ, ಮಾವನ ಸುದ್ದಿ ಕಾಗದದಲ್ಲಿ ಬರೆಯಬೇಡ. ಅಪ್ಪನ ತಂಗಿಯನ್ನು ಆ ದೇಶಕ್ಕೆ ಕೊಟ್ಟಿದ್ದೇವೆ, ಅವಳ ಗಂಡ ಅಲ್ಲಿಯ ಪೈಲಟ್, ಅಪ್ಪನೂ ಅವನೂ ಒಬ್ಬನೇ ಗುರುವಿನ ಹತ್ತಿರ, ನಮ್ಮ ಅಜ್ಜನ ಹತ್ತಿರ, ಹಡಗಿಗೆ ದಾರಿ ತೋರಿಸುವುದನ್ನು ಕಲಿತವರು ಎಂದೆಲ್ಲ ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಈ ಪುಸ್ತಕ ಬೇರೆಯವರ ಕೈಗೆ ಹೋಗುತ್ತದೆ. ಈಗ ನಾನೇ ಬರೆದುಬಿಟ್ಟೆ. ಓದಿ ಒಲೆಗೆ ಹಾಕು.

ಸಾಹೇಬರು ದಿನಾ ಬೆಳಿಗ್ಗೆ ನನ್ನ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿ, "ಆಳ ಬಂತಾ?" ಎಂದು ಕೇಳಿ ಹೋಗುತ್ತಾರೆ. ನಮ್ಮ ಕೋಣೆಯಲ್ಲಿ ನಾಲ್ಕು ಜನಕ್ಕೆ ಒಂದು ಕಿಟಕಿ, ಆ ಕಿಟಕಿಗೂ ಬೀರು ಅಡ್ಡ. ನಾನು ಆರಾಮವಾಗಿದ್ದೇನೆ ಎಂದು ನೀನು ತಿಳಿದಿದ್ದರೆ ಅದು ನಿನ್ನ ತಪ್ಪು.

ತಮ್ಮ

ಮಾರ್ಚ್ 2

ತಮ್ಮಾ,

ಇನ್ನೊಮ್ಮೆ ಕೆರೆದೆ. ಕೆಂಪೇ. ನಿನ್ನ ದಾಖಲೆಯನ್ನು ತಂದು ಕಂಬಕ್ಕೆ ತೋರಿಸು.

ಅಮಾವಾಸ್ಯೆಯ ಇಳಿತಕ್ಕೆ ಹೋಗಿಬಂದೆವು. ಅಪ್ಪ ಮುಂದೆ, ನಾನು ಹಿಂದೆ ಎಂಜಿನ್ ಹತ್ತಿರ, ಯಾವಾಗಿನಂತೆ. ನಟ್ಟ ನಡುವೆ ಎಂಜಿನ್ ನಿಲ್ಲಿಸಲು ಹೇಳಿ, ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು, ನನಗೆ ಬೆನ್ನು ತಿರುಗಿಸಿ ಮಾರು ಎಣಿಸಿದರು. ಮೂವತ್ತು ವರ್ಷದಿಂದ ಅದೇ ಬೆನ್ನು ನೋಡುತ್ತಿದ್ದೇನೆ. ಮದುಮಗಳ ಮುಖವಾದರೂ ಒಂದು ದಿನ ನೋಡಲು ಸಿಗುತ್ತದೆ, ಆ ಹಗ್ಗ ನೋಡಲು ಸಿಗುವುದಿಲ್ಲ. ಬರುವಾಗ ದಾರಿಯಲ್ಲಿ ಹೇಳಿದರು. ಬರೆದುಕೋ: ಹೊರದಾರಿ ಒಂಬತ್ತು ಮಾರು. ಒಳದಾರಿಯದನ್ನು ಕೇಳುವ ಕಷ್ಟವೇ ಇಲ್ಲ, ಬಂದರಿನವರು ಯಂತ್ರದಲ್ಲಿ ಅಳೆದು ಜೆಟ್ಟಿಯ ಬೋರ್ಡಿನ ಮೇಲೆ ಬರೆಸಿದ್ದಾರೆ, ಎರಡೂ ದೇಶದ ಹಡಗುಗಳು ಅದನ್ನೇ ನಂಬುತ್ತವೆ: ಹತ್ತು ಮಾರು.

ಬರೆಯಬೇಡ ಎಂದವರ ಸುದ್ದಿ ಬರೆಯುವುದಿಲ್ಲ. ಆದರೆ ಯಾರೋ ಒಬ್ಬರು ಆಚೆಯಿಂದ ದೋಣಿಯಲ್ಲಿ ಬಂದು ನಮ್ಮ ದೋಣಿಗೆ ಹತ್ತಿರವೇ ನಿಂತರು. ಇಬ್ಬರು ಮುದುಕರೂ ಗಾಳಿಗೆ ಎದುರಾಗಿ ಕೂಗಿ ಕೂಗಿ ಜಗಳವಾಡಿದರು. ಜಗಳ ಮೊಣಕಾಲು ನೋವಿಗೆ ಹಚ್ಚುವ ಎಣ್ಣೆಯ ಬಗ್ಗೆ. ಇದರಿಂದ ದೇಶಕ್ಕೆ ಅಪಾಯವಿಲ್ಲ ಎಂದುಕೊಂಡಿದ್ದೇನೆ.

ದ್ವೀಪದ ಮೇಲೆ ಪುಸ್ತಕ ಬರೆಯುವವನು ಒಂದು ಸಲ ಬಂದು ನೋಡಬಾರದಾ? ಅಪ್ಪ ಮಾತಾಡದಿದ್ದರೆ ನಾನು ಆಡುತ್ತೇನೆ. ಹಗ್ಗ ಬೇಡ ಪೆನ್ನು ಸಾಕು ಎಂದು ಹೋದೆ, ಹೋಗು. ಮನೆಯ ದಾರಿಯನ್ನೂ ಮರೆಯಬೇಕು ಎಂದು ಯಾರೂ ಹೇಳಿರಲಿಲ್ಲ.

ಅಕ್ಕ

ಏಪ್ರಿಲ್ 18

ಅಕ್ಕ,

ಪುಸ್ತಕ ಅಚ್ಚಾಯಿತು. ಒಂದು ಪ್ರತಿ ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ. ರಟ್ಟು ಗಟ್ಟಿಯಾಗಿದೆ. ದಯವಿಟ್ಟು ಅದರ ಮೇಲೆ ಬಣ್ಣದ ಡಬ್ಬ ಇಡಬೇಡ. ಸಾಹೇಬರು ಮೊದಲ ಬಾರಿಗೆ ನನಗೆ ಕೂರಲು ಹೇಳಿದರು. ಅಪ್ಪನಿಗೆ ಕಾಣುವ ಕಡೆ ಇಡು, ಕೊಡಬೇಡ. ಕೊಟ್ಟರೆ ಓದುವುದಿಲ್ಲ.

ಬರುವುದಕ್ಕೆ ರಜೆ ಸಿಗುತ್ತಿಲ್ಲ.

ತಮ್ಮ

ಮೇ 3

ಅಕ್ಕ,

ತಕ್ಷಣ ಉತ್ತರ ಬರೆ. ಟಪಾಲು ದೋಣಿ ಸರಿಹೋಗದಿದ್ದರೆ ಈಜಿಕೊಂಡಾದರೂ ಕಳಿಸು.

ಸಭೆ ಶುರುವಾದ ಎರಡನೆಯ ದಿನ ಆಚೆ ದೇಶದ ತಂಡದ ಅಧ್ಯಕ್ಷರು ನನ್ನ ಪುಸ್ತಕವನ್ನೇ ಕೈಯಲ್ಲಿ ಹಿಡಿದು ಎದ್ದು ನಿಂತರು. ನಲವತ್ತೊಂದನೆಯ ಪುಟ ತೆಗೆದು ಓದಿದರು: ಒಳದಾರಿಯ ಆಳ ಹತ್ತು ಮಾರು, ಹೊರದಾರಿಯ ಆಳ ಎಂಟು ಮಾರು. ಓದಿ ಮುಗಿಸಿ, "ನಿಮ್ಮ ಪುಸ್ತಕವೇ ಹೇಳ್ತಿದೆಯಲ್ಲ, ನಾವೇನು ಹೇಳೋದು?" ಎಂದು ನಕ್ಕು ಕೂತರು. ನಮ್ಮ ಸಾಹೇಬರ ಮುಖ ಸುಣ್ಣದಂತಾಯಿತು. ಅಚ್ಚಿಗೆ ಕಳಿಸುವಾಗ ಅವರು ಹೊರದಾರಿಯ ಅಂಕಿಯನ್ನು ನೋಡಿಯೇ ಇರಲಿಲ್ಲ. ಆಮೇಲೆ ಬೀರು ತೆಗೆದು ನನಗೆ ಒಪ್ಪಂದ ತೋರಿಸಿದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ದ್ವೀಪದ ಎರಡು ಬದಿಯ ನೀರುದಾರಿಗಳಲ್ಲಿ ಯಾವುದು ಹೆಚ್ಚು ಆಳವೋ ಅದೇ ಗಡಿ.

ಅಂದರೆ ಹೊರದಾರಿ ಆಳವಾಗಿದ್ದರೆ ಗಡಿ ದ್ವೀಪದ ಆಚೆ, ದ್ವೀಪ ನಮ್ಮದು. ಒಳದಾರಿ ಆಳವಾಗಿದ್ದರೆ ಗಡಿ ಈಚೆ, ದ್ವೀಪ ಅವರದು. ನನ್ನ ಪುಸ್ತಕದ ಪ್ರಕಾರ ನೀನೂ ಅಪ್ಪನೂ ಈಗ ಪರದೇಶದವರು.

ನೂರು ವರ್ಷದಿಂದ ಹೊರದಾರಿಯೇ ಆಳ ಎಂದು ಎಲ್ಲರೂ ನಂಬಿದ್ದರು. ಮರಳು ತುಂಬಿತೇ? ಅಪ್ಪನಿಗೆ ಕಣ್ಣು ಮಂಜಾಗಿದೆಯೇ? ಇದ್ದದ್ದನ್ನು ಇದ್ದ ಹಾಗೆ ಬರೆ.

ತಮ್ಮ

ಮೇ 5

ತಮ್ಮಾ,

ಪುಸ್ತಕ ಬಂತು. ಅದರ ಮೇಲೆ ಬಣ್ಣದ ಡಬ್ಬ ಇಟ್ಟಿಲ್ಲ, ಚಹಾದ ಲೋಟ ಇಟ್ಟೆ. ಓದಿದೆ. ಮರಳ ನಾಲಿಗೆಗೆ ನೀನು "ಮರಳಿನ ಪ್ರಾಕೃತಿಕ ವಿಸ್ತರಣೆ" ಎಂದು ಹೆಸರಿಟ್ಟಿದ್ದೀಯ. ಅದಕ್ಕೆ ಗೊತ್ತಾದರೆ ನಾಚಿ ಒಳಕ್ಕೆ ಹೋದೀತು.

ಅಪ್ಪನಿಗೆ ಕಾಣುವ ಕಡೆ ಇಟ್ಟಿದ್ದೆ. ಕಂಡೂ ಕಾಣದ ಹಾಗೆ ಒಂದು ವಾರ ಇದ್ದರು. ಈಗ ಪುಟದ ನಡುವೆ ಬೀಡಿಯ ಬೂದಿ ಸಿಗುತ್ತಿದೆ.

ಒಂದು ಮಾತು. ಹೊರದಾರಿ ಎಂಟು ಮಾರು ಎಂದು ಅಚ್ಚು ಹಾಕಿಸಿದ್ದೀಯಲ್ಲ, ನಾನು ಒಂಬತ್ತು ಎಂದು ಬರೆದಿದ್ದೆ. ನೋಡಿ ಬರೆಯುವುದಕ್ಕೂ ಬರದವನಿಗೆ ಸರ್ಕಾರ ಸಂಬಳ ಕೊಡುತ್ತದಲ್ಲ, ಅದೇ ಆಶ್ಚರ್ಯ.

ಅಕ್ಕ

ಮೇ 12

ತಮ್ಮಾ,

ನಿನ್ನ ಮೂರನೇ ತಾರೀಖಿನ ಕಾಗದ ನಿನ್ನೆ ಕೈಸೇರಿತು. ಓದಿ ಶೆಡ್ಡಿನ ಬಾಗಿಲಲ್ಲೇ ಕೂತುಬಿಟ್ಟೆ. ಅಪ್ಪನ ಕಣ್ಣಿಗೆ ಏನೂ ಆಗಿಲ್ಲ. ಮರಳೂ ತುಂಬಿಲ್ಲ. ಆದದ್ದೇನು ಎಂದು ನನಗೆ ಹೊಳೆದಾಗ ಕೈಯಲ್ಲಿದ್ದ ಸುತ್ತಿಗೆಯನ್ನು ಯಾರ ತಲೆಗೆ ಹಾಕಲಿ ಎಂದು ತಿಳಿಯಲಿಲ್ಲ. ಮೂರು ತಲೆಗಳಲ್ಲಿ ನನ್ನದೂ ಒಂದು.

ಪೈಲಟ್ ಪೂರ್ತಿ ಆಳ ಹೇಳುವುದಿಲ್ಲ. ನಿನಗೆ ನೆನಪಿದೆಯೋ ಇಲ್ಲವೋ. ಹಗ್ಗದಲ್ಲಿ ಎಷ್ಟು ಕಂಡರೂ ಬಾಯಲ್ಲಿ ಹೇಳುವಾಗ ಒಂದು ಮಾರು ತೆಗೆದೇ ಹೇಳಬೇಕು. ಕೇಳಿದವನು ಅಷ್ಟಕ್ಕೇ ಸರಕು ಹೇರಿಕೊಂಡು ಬಂದರೂ ಕೆಳಗೆ ಒಂದು ಮಾರು ನೀರು ಅವನ ಪ್ರಾಣಕ್ಕೆ ಉಳಿದಿರುತ್ತದೆ. ಅವನಿಂದ ಕೇಳಿದವನೂ ಇನ್ನೊಬ್ಬನಿಗೆ ಹೇಳುವಾಗ ತನ್ನದೊಂದು ಮಾರು ತೆಗೆಯುತ್ತಾನೆ. ಬೋರ್ಡಿನ ಮೇಲೆ ಬರೆದದ್ದಕ್ಕೆ ಈ ನಿಯಮವಿಲ್ಲ, ಬಾಯಿಂದ ಬಾಯಿಗೆ ಹೋಗುವುದಕ್ಕೆ ಮಾತ್ರ. ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತಾರೆ. ನಮ್ಮವರು ಅಳೆದಮೇಲೂ ಒಂದು ಚೊಂಬು ಹಿಂದಿಟ್ಟುಕೊಳ್ಳುವವರು.

ಅಪ್ಪ ನನಗೆ ಹೇಳಿದ್ದು ಹತ್ತು. ನಾನು ನಿನಗೆ ಒಂಬತ್ತು ಎಂದು ಬರೆದೆ. ಬೇಕೆಂದು ಮಾಡಿದ್ದಲ್ಲ. ನಿಮ್ಮ ಸಾಹೇಬರ ಹಡಗು ನಾಳೆ ಅದನ್ನೇ ನಂಬಿ ಬಂದರೆ ಎಂದು ಕೈ ತಾನಾಗಿ ತೆಗೆಯಿತು. ಉಸಿರಾಡಿದೆ ಎಂದು ಯಾರಾದರೂ ಬರೆದಿಡುತ್ತಾರಾ?

ಹಾಗಾದರೆ ಅಪ್ಪ ಹಗ್ಗದಲ್ಲಿ ಕಂಡದ್ದು ಹನ್ನೊಂದು. ಒಳದಾರಿಗಿಂತ ಒಂದು ಮಾರು ಹೆಚ್ಚು. ದ್ವೀಪ ನಮ್ಮದೇ. ಆದರೆ ನನ್ನ ಒಂಬತ್ತು ನಿನ್ನ ಪುಸ್ತಕದಲ್ಲಿ ಎಂಟು ಆದದ್ದು ಹೇಗೆ? ಅಚ್ಚಿನವನ ತಪ್ಪೋ ಅಥವಾ ನೀನೂ?

ಅಕ್ಕ

ಮೇ 20

ಅಕ್ಕ,

ನಾನೂ.

ನೆಲದ ಮೇಲೆ, ಮೂರನೆಯ ಮಹಡಿಯಲ್ಲಿ, ಕುರ್ಚಿಯಲ್ಲಿ ಕೂತವನು. ಪೆನ್ನಿಗೆ ಶಾಯಿ ತುಂಬಿಸಿ, ಯಾರಾದರೂ ಈ ಪುಸ್ತಕ ನೋಡಿಕೊಂಡು ಹಡಗು ಬಿಟ್ಟರೆ ಎಂದು ಯೋಚಿಸಿ, ಎಂಟು ಎಂದು ಬರೆದೆ. ಅಪ್ಪನ ಕೆಲಸ ಬೇಡವೆಂದು ಓಡಿಬಂದವನು ಅಪ್ಪನ ಕೆಲಸವನ್ನೇ ಮಾಡಿದೆ, ಮಾಡಬಾರದ ಕಡೆ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂದಿದೆ ಎಂದರೆ ನೀನು ಬೈಯುವುದಕ್ಕೆ ಏನೂ ಉಳಿದಿಲ್ಲ.

ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಒಪ್ಪಂದವನ್ನು ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ, "ಇದನ್ನ ಆ ದೇಶದವರ ಮುಂದೆ ಹೇಳೋಕಾಗತ್ತೇನ್ರಿ? ನಮ್ಮನೇಲಿ ಎಲ್ರೂ ಒಂದೊಂದು ಮಾರು ತಿಂದ್ಬಿಟ್ವಿ ಅಂತ?" ಎಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಸಭೆ ಮೂರು ದಿನ ನಡೆದು, ಕೊನೆಗೆ ಹೊಸದಾಗಿ ಅಳೆಯುವುದೆಂದು ತೀರ್ಮಾನವಾಗಿದೆ. ಯಂತ್ರ ಬೇಡವಂತೆ. ನಮ್ಮ ಯಂತ್ರವನ್ನು ಅವರು ನಂಬುವುದಿಲ್ಲ, ಅವರದ್ದನ್ನು ನಾವು. ಒಪ್ಪಂದದಲ್ಲಿ ಇರುವ ಹಾಗೆಯೇ ಆಗಬೇಕು: ಎರಡೂ ದಡದ ಒಬ್ಬೊಬ್ಬ ಪೈಲಟ್ ಹೊರದಾರಿಯಲ್ಲಿ ಹಗ್ಗ ಬಿಟ್ಟು, ಎಲ್ಲರ ಎದುರು ಆಳವನ್ನು ಬಾಯಿಬಿಟ್ಟು ಹೇಳಬೇಕು. ಇಬ್ಬರ ಮಾತೂ ಬೇರೆಯಾದರೆ ಕಡಿಮೆಯದ್ದೇ ಲೆಕ್ಕ. ಒಳದಾರಿಗೆ ಬೋರ್ಡಿನ ಹತ್ತೇ ಸಾಕು ಎಂದು ಎರಡೂ ಕಡೆ ಒಪ್ಪಿದ್ದಾರೆ.

ಈಗ ಸರಿಯಾಗಿ ಕೇಳು. ಅಪ್ಪ ಎಂದಿನಂತೆ ಒಂದು ಮಾರು ತೆಗೆದು ಹತ್ತು ಎಂದರೆ ಎರಡೂ ದಾರಿ ಸಮವಾಗುತ್ತವೆ. ಸಮವಾದರೆ ಒಪ್ಪಂದದ ಪ್ರಕಾರ ಗೆರೆ ದ್ವೀಪದ ದಿಣ್ಣೆಯ ಮೇಲೆ ಹೋಗುತ್ತದೆ. ನಿನ್ನ ಮನೆ ಒಂದು ದೇಶದಲ್ಲಿ, ಶೆಡ್ಡು ಇನ್ನೊಂದು ದೇಶದಲ್ಲಿ. ಅಪ್ಪ ಹನ್ನೊಂದು ಎಂದೇ ಹೇಳಬೇಕು. ಮಾವನೂ ಹಾಗೇ ಹೇಳಬೇಕು, ಆದರೆ ಅವನಿಗೆ ನಾವು ಹೇಳುವಂತಿಲ್ಲ, ಹೇಳಿದರೆ ಜೈಲು. ನೀನು ಅಪ್ಪನನ್ನು ಒಪ್ಪಿಸು.

ತಮ್ಮ

ಜೂನ್ 4

ತಮ್ಮಾ,

ಒಪ್ಪಿಸು ಎಂದು ಮೂರಕ್ಷರ ಬರೆಯಲು ನಿನಗೆ ಎಷ್ಟು ಸುಲಭ. ಇಲ್ಲಿ ನನ್ನ ಗಂಟಲು ಹರಿದುಹೋಯಿತು.

ಮೊದಲು ಮೆತ್ತಗೆ ಹೇಳಿದೆ. ಅಪ್ಪ ಕೇಳಿಸಿಕೊಂಡು, ನಿನ್ನ ಪುಸ್ತಕದ ನಲವತ್ತೊಂದನೆಯ ಪುಟ ತೆಗೆದು ಎಂಟರ ಮೇಲೆ ಬೆರಳಿಟ್ಟು ನಕ್ಕರು. ನಿನ್ನ ಕೈ ಇನ್ನೂ ಕೆಟ್ಟಿಲ್ಲವಂತೆ. ಆರು ವರ್ಷದಲ್ಲಿ ನಿನ್ನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು, ಅದೂ ನಮ್ಮೆಲ್ಲರ ಬುಡಕ್ಕೆ ನೀರು ತಂದ ತಪ್ಪಿಗೆ. ನಾನು ಅಳಬೇಕೋ ನಗಬೇಕೋ?

ಆಮೇಲೆ ಜೋರಾಗಿ ಹೇಳಿದೆ. ಪೂರ್ತಿ ಆಳ ಹೇಳಿದ ಪೈಲಟ್ ಅವತ್ತೇ ಹಗ್ಗ ಕೆಳಗಿಟ್ಟು ಕೆಲಸ ಬಿಡಬೇಕಂತೆ. ಅಜ್ಜನ ಕಾಲದಲ್ಲಿ ಯಾರೋ ಒಬ್ಬ ಸ್ನೇಹಕ್ಕೆ ಕಟ್ಟುಬಿದ್ದು ಪೂರ್ತಿ ಹೇಳಿದ್ದನಂತೆ, ಕೇಳಿದವನು ಅಷ್ಟಕ್ಕೂ ಸರಕು ತುಂಬಿ ಬಂದು ಹಡಗು ಎರಡು ತುಂಡಾಯಿತಂತೆ. ಅವತ್ತಿನಿಂದ ಈ ನಿಯಮ, ಎರಡೂ ದಡಕ್ಕೆ. ನಾನು ಬಿಡಲಿಲ್ಲ. ಇದು ಹಡಗಿಗಲ್ಲ, ಗಡಿಗೆ ಎಂದೆ. ಅಪ್ಪ, "ಗಡಿ ಅವರದ್ದು. ಆಳ ನಂದು. ಹತ್ತು ಅಂದ್ರೆ ಹತ್ತು," ಎಂದರು. ಮನೆ ಒಂದು ದೇಶ, ಶೆಡ್ಡು ಒಂದು ದೇಶ ಆದರೆ ನನಗೆ ದಿನಾ ಮಧ್ಯಾಹ್ನ ಊಟಕ್ಕೆ ಬರಲು ಪಾಸ್‌ಪೋರ್ಟ್ ಬೇಕಾಗುತ್ತದೆ ಎಂದೆ. ಬುತ್ತಿ ಕಟ್ಟಿಕೊಂಡು ಹೋಗು ಎಂದರು.

ಒಂದು ವಾರ ಇದೇ ಆಯಿತು. ನಿನ್ನೆ ನಾನು ಬಾಯಿ ಮುಚ್ಚಿಬಿಟ್ಟೆ. ಎಂಬತ್ತು ಹತ್ತಿರವಾದ ಮನುಷ್ಯ, ಆ ಹಗ್ಗ ಬಿಟ್ಟರೆ ಅವರಿಗೆ ಬೇರೆ ಏನಿದೆ? ಅದನ್ನು ಕಿತ್ತುಕೊಳ್ಳುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಆದರೆ ಬೆಳಿಗ್ಗೆ ಶೆಡ್ಡಿಗೆ ಹೋಗುವಾಗ ದಿಣ್ಣೆಯ ಮೇಲೆ ನಿಂತು ಎರಡೂ ಕಡೆ ನೋಡಿದೆ. ಅಪ್ಪ ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತಾದಾಗ ಬರೆ. ಅಳೆಯಲು ಹೋಗುವ ಸರ್ಕಾರಿ ಲಾಂಚಿಗೆ ಅಪ್ಪನ ಹೊರತು ದ್ವೀಪದ ಯಾರನ್ನೂ ಹತ್ತಿಸುವುದಿಲ್ಲವಂತೆ, ಎಂಜಿನ್ ನೋಡಿಕೊಳ್ಳಲು ಕೂಡ.

ಅಕ್ಕ

ಜೂನ್ 25

ಅಕ್ಕ,

ಅಪ್ಪ ನಿನಗೆ ಏನೂ ಹೇಳಿರುವುದಿಲ್ಲ ಎಂದು ಗೊತ್ತು, ಅದಕ್ಕೆ ನಡೆದದ್ದನ್ನು ಬರೆಯುತ್ತೇನೆ. ದ್ವೀಪದಲ್ಲಿ ಇಳಿಯಲು ನಮಗೆ ಅಪ್ಪಣೆ ಇರಲಿಲ್ಲ. ಜೆಟ್ಟಿಯ ಮೇಲೆ ನೀನು ನಿಂತಿದ್ದದ್ದು ಕಂಡಿತು. ಕೈ ಬೀಸಲಿಲ್ಲ, ಪಕ್ಕದಲ್ಲಿ ಸಾಹೇಬರಿದ್ದರು. ಅದಕ್ಕೆ ನನ್ನನ್ನು ಎಷ್ಟು ಬೇಕಾದರೂ ಬೈ.

ಮಾತುಗಳನ್ನು ಬರೆದುಕೊಳ್ಳುವ ಕೆಲಸ ನನ್ನದು. ಲಾಂಚು ಬಂದರು ದಾಟುವ ಮೊದಲೇ ಸಾಹೇಬರು ವಾಂತಿ ಶುರುಮಾಡಿದರು. ಆಚೆ ದೇಶದ ಅಧ್ಯಕ್ಷರು ಗಾಳಿಯಲ್ಲಿ ಕೊಡೆ ಬಿಚ್ಚಿಕೊಂಡು ಅದರೊಂದಿಗೆ ಹೋರಾಡುತ್ತಿದ್ದರು. ಮಾವ ಲಾಂಚಿನ ಒಂದು ತುದಿಯಲ್ಲಿ ಹೊಸ ಅಂಗಿ ತೊಟ್ಟು ಕೂತಿದ್ದ, ಅಪ್ಪ ಇನ್ನೊಂದು ತುದಿಯಲ್ಲಿ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಪ್ಪ ನನ್ನ ಮುಖವನ್ನೂ ನೋಡಲಿಲ್ಲ.

ಇಳಿತ ಪೂರ್ತಿಯಾದಾಗ ಎಂಜಿನ್ ನಿಲ್ಲಿಸಿದರು. ಮೊದಲು ಅಪ್ಪ. ಎಲ್ಲರಿಗೂ ಬೆನ್ನು ಹಾಕಿ ಹಗ್ಗ ಬಿಟ್ಟರು, ಎಳೆದುಕೊಂಡರು, ಮತ್ತೆ ಬಿಟ್ಟರು. ಮೂರು ಸಲ ನೋಡಿದರು, ಮೊದಲ ಸಲವೇ ಅವರಿಗೆ ಗೊತ್ತಾಗಿದ್ದರೂ. ಅಧ್ಯಕ್ಷರು ಎಷ್ಟು ಎಂದು ಕೇಳಿದರು. ಅಪ್ಪ ಹಗ್ಗದ ನೀರು ಹಿಂಡಿದರು. ಮತ್ತೆ ಕೇಳಿದರು. ಅಪ್ಪ ನಿಮ್ಮ ಕಡೆಗೆ, ದ್ವೀಪದ ಕಡೆಗೆ ನೋಡುತ್ತಾ ನಿಂತಿದ್ದರು. ಆಮೇಲೆ ತಿರುಗಿ, ಯಾರೋ ಬಲವಂತವಾಗಿ ಹಲ್ಲು ಕಿತ್ತ ಹಾಗೆ ಹೇಳಿದರು: "ಹನ್ನೊಂದು."

ನಾನು ಬರೆದುಕೊಂಡೆ. ಸಾಹೇಬರು ಅಷ್ಟು ವಾಂತಿಯ ನಡುವೆಯೂ ಬಗ್ಗಿ ನೋಡಿ ನನ್ನ ಕಾಗದಕ್ಕೆ ಬೆರಳಿಂದ ಕುಟ್ಟಿದರು. ನೋಡಿದರೆ ಹತ್ತು ಎಂದು ಬರೆದಿದ್ದೆ. ಹೊಡೆದುಹಾಕಿ ತಿದ್ದಿದೆ.

ಮಾವನ ಸರದಿ. ಅವನು ಒಂದೇ ಸಲ ಹಗ್ಗ ಬಿಟ್ಟ. ಹತ್ತು ಎಂದಿದ್ದರೆ ಅವನ ನಿಯಮವೂ ಉಳಿಯುತ್ತಿತ್ತು, ಅವನ ಹಗ್ಗವೂ ಉಳಿಯುತ್ತಿತ್ತು, ಅರ್ಧ ದ್ವೀಪ ಅವನ ದೇಶಕ್ಕೆ ಸಿಗುತ್ತಿತ್ತು. ಅವನು ಅಧ್ಯಕ್ಷರನ್ನು ಬಿಟ್ಟು ಅಪ್ಪನ ಕಡೆ ತಿರುಗಿದ. "ಹೇಳೇಬಿಟ್ಟೆಯಲ್ಲೋ ಮುದಿಯಾ," ಎಂದ, ಸಿಟ್ಟಿನಲ್ಲಿ. "ನಲವತ್ತು ವರ್ಷ ಬಾಯಿ ಕಟ್ಕೊಂಡಿದ್ದು ಹಾಳು ಮಾಡ್ದೆ. ಇನ್ನು ನೀನಿಲ್ದೆ ಈ ನೀರಲ್ಲಿ ನಾನೊಬ್ಬ ಯಾರ ಹತ್ರ ಜಗಳ ಆಡ್ಲಿ?" ಆಮೇಲೆ ನಮ್ಮ ಕಡೆ ನೋಡಿ, "ಹನ್ನೊಂದು. ಬರ್ಕೊಳ್ಳಿ," ಎಂದು ಹಗ್ಗವನ್ನು ಕಾಲ ಬಳಿ ಎಸೆದು ಕೂತ.

ಹನ್ನೊಂದು ಎಂದು ದಾಖಲೆಯಾಯಿತು. ದ್ವೀಪ ಪೂರ್ತಿ ನಮ್ಮದು, ನಿನ್ನ ಶೆಡ್ಡಿನ ಸಮೇತ. ಇಳಿಯುವಾಗ ಅಪ್ಪ ನನ್ನ ಪಕ್ಕ ಹಾದು ಹೋದರು. ನಿಲ್ಲದೆ, "ಸರಿಯಾಗಿ ಬರ್ಕೊಂಡ್ಯಾ?" ಎಂದರು. ಬರೆದುಕೊಂಡೆ ಅಪ್ಪಾ ಎಂದೆ. ಅಷ್ಟೇ. ನನಗೆ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಕೊಳ್ಳಲು ಸಾಹೇಬರಿಗೆ ನೀರು ತರಲು ಹೋದೆ.

ನನ್ನ ಪುಸ್ತಕದ ಎಲ್ಲ ಪ್ರತಿಗಳನ್ನೂ ವಾಪಸು ತರಿಸಿಕೊಂಡರು. ನನ್ನನ್ನು ಹಳೆಯ ಭೂಪಟ ಮಡಚಿಡುವ ವಿಭಾಗಕ್ಕೆ ಹಾಕಿದ್ದಾರೆ. ಅಲ್ಲಿ ಕಿಟಕಿ ಇದೆ. ನಿನ್ನ ಪ್ರತಿಯನ್ನು ನೀನೂ ಹಿಂತಿರುಗಿಸಬೇಕು.

ತಮ್ಮ

ಜುಲೈ 19

ತಮ್ಮಾ,

ಪುಸ್ತಕ ಕೊಡುವುದಿಲ್ಲ. ಅದು ಅಪ್ಪನ ದಿಂಬಿನ ಹತ್ತಿರ ಇದೆ, ಧೈರ್ಯವಿದ್ದರೆ ನಿನ್ನ ಸಾಹೇಬರೇ ಬಂದು ಎತ್ತಿಕೊಳ್ಳಲಿ. ನೀನು ಕೈ ಬೀಸದಿದ್ದದ್ದಕ್ಕೆ ಬೈಯುವ ಕೆಲಸ ಬಾಕಿ ಇದೆ, ಎದುರು ಸಿಕ್ಕಾಗ ಮಾಡುತ್ತೇನೆ. ಅಪ್ಪ, "ಅವನಿಗೆ ರಜೆ ಕೊಡಲ್ವಂತಾ?" ಎಂದು ಎರಡು ಸಲ ಕೇಳಿದರು. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಅವತ್ತು ಮನೆಗೆ ಬಂದು ಹಗ್ಗವನ್ನು ಸುತ್ತಿ, ಶೆಡ್ಡಿಗೆ ತಂದು, ನನ್ನ ಕೆಲಸದ ಮೇಜಿನ ಮೇಲೆ ಮೊಳೆ ಡಬ್ಬದ ಪಕ್ಕ ಇಟ್ಟು ಹೋದರು. ಏನು ಎಂದು ಹೇಳಲಿಲ್ಲ. ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಮಾವನ ಹಗ್ಗದ ಮೇಲೆ ಅತ್ತೆ ಬಟ್ಟೆ ಒಣಗಿಸುತ್ತಿದ್ದಾಳೆಂದು ಸುದ್ದಿ ಬಂದಾಗಲೂ ನಗಲಿಲ್ಲ. ದ್ವೀಪ ಉಳಿಯಿತು ಎಂದು ಊರವರೆಲ್ಲ ಬಂದು ಅಪ್ಪನ ಕೈಕುಲುಕಿದರು. ನಾನು ಮಾತ್ರ ದಿನಾ ಅವರು ಅರ್ಧ ಬಿಟ್ಟ ತಟ್ಟೆ ಎತ್ತುತ್ತಿದ್ದೆ. ನೀನೂ ನಿನ್ನ ಸಾಹೇಬರೂ ನಿಮ್ಮ ಒಪ್ಪಂದವೂ ಹಾಳಾಗಿ ಹೋಗಲಿ ಎಂದು ಬೈದುಕೊಂಡೆ.

ಇವತ್ತು ಬೆಳಿಗ್ಗೆ ದೊಡ್ಡ ಸರಕು ದೋಣಿಯವನೊಬ್ಬ ಬಂದ. ಹೊಸಬ. ಅಪ್ಪ ಶೆಡ್ಡಿನಲ್ಲಿ ನನ್ನ ಎದುರು ಕೂತು ತುಕ್ಕು ಹಿಡಿದ ಮೊಳೆ ನೆಟ್ಟಗೆ ಮಾಡುತ್ತಿದ್ದರು. ಅವನು ನೇರ ಅವರ ಹತ್ತಿರ ಹೋಗಿ ಹೊರದಾರಿಯಲ್ಲಿ ಎಷ್ಟು ನೀರಿದೆ ಎಂದು ಕೇಳಿದ. ಅಪ್ಪ ತಲೆ ಎತ್ತದೆ, ತನಗೆ ಗೊತ್ತಿಲ್ಲ ಎಂದರು. ಎರಡೂ ದೇಶದ ದಾಖಲೆಯಲ್ಲಿ ತಮ್ಮ ಬಾಯಿಂದ ಬಂದ ಮಾತು ಅಚ್ಚಾಗಿ ಕೂತಿರುವಾಗ, ಗೊತ್ತಿಲ್ಲ ಎಂದರು. ಅವನು ಪೆಚ್ಚಾಗಿ ನಿಂತ.

ನಾನು ಹಲಗೆಯ ಸಂದಿಗೆ ಡಾಂಬರು ಬಳಿಯುತ್ತಿದ್ದವಳು ಅಲ್ಲಿಂದಲೇ ಹೇಳಿದೆ, "ಹತ್ತು ಮಾರು. ಅದಕ್ಕಿಂತ ಒಂದು ಮೂಟೆ ಹೆಚ್ಚು ಹೇರ್ಬೇಡಿ."

ಅವನು ಹೋದ. ಅಪ್ಪ ಮೊಳೆ ಬಡಿಯುವುದನ್ನು ನಿಲ್ಲಿಸಿದ್ದರು. ನಾನು ಯಾವಾಗ ಹಗ್ಗ ಬಿಟ್ಟೆ ಎಂದು ಕೇಳಿದರು. ಅಮಾವಾಸ್ಯೆಯ ಇಳಿತಕ್ಕೆ ಒಬ್ಬಳೇ ಹೋಗಿದ್ದೆ ಎಂದೆ. ಅಪ್ಪ ಕುತ್ತಿಗೆ ಚಾಚಿ, ಗುಟ್ಟು ಕೇಳುವವರ ಹಾಗೆ ಕೇಳಿದರು:

"ಎಷ್ಟಿತ್ತು?"

ನಾನು ಬೆನ್ನು ತಿರುಗಿಸಿ ಡಾಂಬರು ಬಳಿಯುತ್ತಲೇ ಹೇಳಿದೆ. "ಹತ್ತು ಅಂದ್ನಲ್ಲಪ್ಪ."

ಅಪ್ಪ ಇವತ್ತು ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಊಟ ಮಾಡಿದರು.

ಅಕ್ಕ